ಕಂದು ಚೀಟಿ

ಇಲಿಯನ್ನು ಎತ್ತುವುದಕ್ಕೆ ಎರಡು ವಿಧಾನಗಳಿವೆ. ಬಾಲದ ಬುಡ ಹಿಡಿದು ಮೇಲೆತ್ತಬಹುದು. ಇಲ್ಲವೇ ಎರಡೂ ಕೈ ಸೇರಿಸಿ ಬೊಗಸೆ ಮಾಡಿ, ಇಲಿ ತಾನಾಗಿ ಹತ್ತುವವರೆಗೆ ಕಾದು, ಎತ್ತಬಹುದು. ಬಾಲ ಹಿಡಿದರೆ ಒಂದು ಪಂಜರದ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಬೊಗಸೆಯಾದರೆ ಎರಡು ಮೂರು ನಿಮಿಷ. ನಮ್ಮ ಕೇಂದ್ರದ ನಿಯಮ ಬಾಲದ್ದು. ನಾನು ಒಂಬತ್ತು ವರ್ಷ ಬೊಗಸೆಯಲ್ಲೇ ಎತ್ತಿದೆ. ಯಾರಿಗೂ ಹೇಳಲಿಲ್ಲ.

ಶಿಡ್ಲಘಟ್ಟದ ಹೊರಗೆ, ಹಿಂದೆ ರೇಷ್ಮೆ ಮೊಟ್ಟೆ ತಯಾರಿಸುತ್ತಿದ್ದ ಕಟ್ಟಡದಲ್ಲಿ ಆ ಸಂಶೋಧನಾ ಕೇಂದ್ರವಿತ್ತು. ಬಾಗಿಲ ಮೇಲಿನ ಹೆಸರು ಎರಡು ಸಾಲು ಉದ್ದ. ಊರವರು ಇಲಿಮನೆ ಎನ್ನುತ್ತಿದ್ದರು. ಅಲ್ಲಿ ಪಂಜರ ತೊಳೆಯುವ, ಮರಿಗಳ ತೂಕ ನೋಡುವ ಕೆಲಸಕ್ಕೆ ಸೇರಿದಾಗ ನನಗೆ ಹತ್ತೊಂಬತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ. ಅಮ್ಮ ತೀರಿಕೊಂಡ ವರ್ಷ ಅದು. ತಂಗಿ ಪ್ರಮೀಳೆಗೆ ಆಗ ಆರು ವರ್ಷ. ಅಪ್ಪ ಇನ್ನೊಂದು ಮದುವೆಯಾಗಿ ಚಿಂತಾಮಣಿ ಕಡೆ ಹೋಗಿಬಿಟ್ಟಿದ್ದ. ಇಬ್ಬರಲ್ಲಿ ಒಬ್ಬಳು ಓದಬಹುದಿತ್ತು. ಅವಳು ಓದಿದಳು. ನಾನು ಹುಳು ಸಾಕುವ ಮನೆಗಳಲ್ಲಿ ಕೂಲಿಗೆ ಹೋದೆ.

ರೇಷ್ಮೆ ಹುಳುವನ್ನು ಬೆರಳಿನಿಂದ ಚಿವುಟಿ ಎತ್ತುವ ಹಾಗಿಲ್ಲ. ಎಲೆಯ ಸಮೇತ ಅಂಗೈಗೆ ತೆಗೆದುಕೊಳ್ಳಬೇಕು. ಏಳು ವರ್ಷದಲ್ಲಿ ಕೈಗೆ ಅದೇ ರೂಢಿಯಾಗಿತ್ತು. ಇಲಿಮನೆಯ ಮೊದಲ ದಿನ ನಿಯಮದಂತೆ ಒಂದು ಮರಿಯ ಬಾಲ ಹಿಡಿದು ಎತ್ತಿದೆ. ಅದು ನಾಲ್ಕು ಕಾಲನ್ನೂ ಗಾಳಿಯಲ್ಲಿ ಚಾಚಿ ಏನನ್ನೋ ಹುಡುಕಿತು. ಎರಡನೆಯ ದಿನದಿಂದ ನಾನು ಬಾಲ ಮುಟ್ಟಲಿಲ್ಲ. ಪ್ರತಿ ಪಂಜರಕ್ಕೂ ಒಂದು ಹಾಳೆ. ಹಾಳೆಯಲ್ಲಿ ‘ನಿಯಮದಂತೆ ಎತ್ತಲಾಯಿತು’ ಎಂದು ಒಂದು ಖಾನೆ. ಅದರಲ್ಲಿ ದಿನವೂ ಟಿಕ್ ಹಾಕುತ್ತಿದ್ದೆ.

ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವನು ಪಿಳ್ಳಪ್ಪ. ನನಗಿಂತ ಮೂವತ್ತು ವರ್ಷ ದೊಡ್ಡವನು. ನನ್ನ ಹೆಸರು ಆಂಜಿನಮ್ಮ ಎಂದು ಕೇಳಿದ ಕೂಡಲೇ, “ಹೆಸ್ರಲ್ಲೇ ಅಂಜಿಕೆ ಇಟ್ಕೊಂಡು ಬಂದವ್ಳೆ ನೋಡು,” ಎಂದು ನಕ್ಕಿದ್ದ. “ಮಾತಾಡಮ್ಮಣ್ಣಿ, ಇಲಿ ನಿನ್ ನಾಲಿಗೆ ಕಚ್ಕೊಂಡು ಹೋಗಾಕಿಲ್ಲ.”

ನನ್ನ ಕೋಣೆಯಲ್ಲಿ ಕಪ್ಪು ಇಲಿಗಳು. ಪಿಳ್ಳಪ್ಪನ ಕೋಣೆಯಲ್ಲಿ ಕಂದು ಇಲಿಗಳು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವಾರಿಜಾ ಸಬ್ನವೀಸ್. ನನ್ನಂಥವಳಿಗೂ ಕುರ್ಚಿ ಎಳೆದು ಕೂರಿಸಿ ವಿವರಿಸುವ ಹೆಂಗಸು. ಅಣ್ಣನಿಗೆ ತಂಗಿಯನ್ನು ಕೂಡಿಸಿ, ಅವುಗಳ ಮಕ್ಕಳಲ್ಲೂ ಹಾಗೆಯೇ ಮಾಡಿ, ಹೀಗೆ ಇಪ್ಪತ್ತು ತಲೆಮಾರು ದಾಟಿದರೆ ಆ ವಂಶದ ಇಲಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಆಗುತ್ತವಂತೆ. “ಇವು ಮುನ್ನೂರು ಇಲಿ ಅಲ್ಲ ಆಂಜಿನಮ್ಮ, ಒಂದೇ ಇಲಿ ಮುನ್ನೂರು ಸಲ,” ಎಂದರು. “ಕಪ್ಪು ವಂಶ ಒಂದು, ಕಂದು ವಂಶ ಒಂದು. ತಿನ್ನೋದು ಒಂದೇ, ನೀರು ಒಂದೇ, ಬೆಳಕು ಒಂದೇ. ಆಮೇಲೂ ಎರಡೂ ಬೇರೆ ಬೇರೆ ಥರ ನಡ್ಕೊಂಡ್ರೆ ಅದು ಹುಟ್ಟಿನಲ್ಲೇ ಬಂದದ್ದು. ಬೇರೆ ಇನ್ನೇನಿರೋಕೆ ಸಾಧ್ಯ?”

ನಾನು ತಲೆಯಾಡಿಸಿದೆ. ಬೇರೆ ಇನ್ನೇನಿರಬಹುದು ಎಂದು ನನಗೂ ಹೊಳೆಯಲಿಲ್ಲ.

ಪರೀಕ್ಷೆ ಸರಳವಾಗಿತ್ತು. ಒಂದು ಎತ್ತರದ ಗಾಜಿನ ಪಾತ್ರೆ, ಅದರಲ್ಲಿ ಉಗುರುಬೆಚ್ಚಗಿನ ನೀರು. ಎಂಟು ವಾರದ ಇಲಿಯನ್ನು ಆರು ನಿಮಿಷ ಅದರೊಳಗೆ ಬಿಡಬೇಕು. ಮೊದಮೊದಲು ಇಲಿ ಈಜುತ್ತದೆ, ಗಾಜನ್ನು ಕೆರೆಯುತ್ತದೆ. ಎಲ್ಲೋ ಒಂದು ಕಡೆ ಸುಮ್ಮನಾಗಿ, ಮೂಗು ಮಾತ್ರ ಮೇಲಿಟ್ಟುಕೊಂಡು ತೇಲುತ್ತದೆ. ಒಬ್ಬರು ಇಲಿಯ ಮೇಲೆ ಕಣ್ಣಿಟ್ಟು, ಅದು ನಿಂತ ಕ್ಷಣಕ್ಕೆ “ಬಿಡ್ತು” ಎನ್ನಬೇಕು. ಇನ್ನೊಬ್ಬರು ಗಡಿಯಾರ ಒತ್ತಬೇಕು. ಆಮೇಲೆ ತೆಗೆದು, ಬಟ್ಟೆಯಲ್ಲಿ ಒರೆಸಿ, ದೀಪದ ಕೆಳಗೆ ಒಣಗಿಸುತ್ತಿದ್ದೆವು. ಯಾವ ಇಲಿಯೂ ಸಾಯುತ್ತಿರಲಿಲ್ಲ. ಕಪ್ಪು ಇಲಿಗಳು ನಾಲ್ಕು ನಿಮಿಷ ಈಜುತ್ತಿದ್ದವು. ಕಂದು ಇಲಿಗಳು ಒಂದೂವರೆ ನಿಮಿಷಕ್ಕೇ ಬಿಡುತ್ತಿದ್ದವು.

ವಾರಿಜಾ ಮೇಡಂ ಒಂದು ದಿನ, “ನೀನು ನೋಡ್ತಾ ಇರ್ತೀಯಲ್ಲ, ನಿನಗೇನನ್ನಿಸುತ್ತೆ?” ಎಂದು ಕೇಳಿದರು. ಎದುರಿಗೆ ನಿಂತು ಮಾತಾಡಲು ಹೆದರಿಕೆ ನನಗೆ. ಸೀರೆಯ ಬಗ್ಗೆ, ಪ್ಲಾಸ್ಟಿಕ್ ಬಿಂದಿಗೆಯ ಬಗ್ಗೆ ಹೇಳುವ ಮಾತೇ ಬಾಯಿಗೆ ಬಂತು. “ಕಪ್ಪುವು ತಾಳಿಕೆ ಬರ್ತವೆ ಮೇಡಂ.”

ಅವರು ಬಹಳ ಖುಷಿಪಟ್ಟು ಅದನ್ನು ಬರೆದುಕೊಂಡರು.

ಮುಂದಿನ ಕೆಲಸ ಜೀನನ್ನು ಹುಡುಕುವುದು. ಕಪ್ಪಿಗೆ ಕಂದನ್ನು ಕೂಡಿಸಿದರೆ ಮಕ್ಕಳೆಲ್ಲ ಕಪ್ಪು. ಆ ಮಕ್ಕಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮೊಮ್ಮಕ್ಕಳಲ್ಲಿ ನಾಲ್ಕಕ್ಕೊಂದು ಕಂದು. ಈ ಮೊಮ್ಮಕ್ಕಳಲ್ಲಿ ಎರಡೂ ವಂಶದ ಜೀನುಗಳು ಇಸ್ಪೀಟಿನ ಎಲೆಗಳ ಹಾಗೆ ಕಲಸಿಹೋಗಿರುತ್ತವೆ. ಬೇಗ ಬಿಡುವ ಮೊಮ್ಮಕ್ಕಳಿಗೆಲ್ಲ ಯಾವ ಎಲೆ ಬಂದಿದೆ ಎಂದು ನೋಡಿದರೆ ಬೇಕಾದ ಜೀನು ಸಿಗುತ್ತದೆ. ಮೇಡಂ ಮರಿಗಳ ಕಿವಿಗೆ ನಂಬರಿನ ಚೂರು ಚುಚ್ಚಿಸಿ, ಎಲ್ಲವನ್ನೂ ಎರಡು ಕೋಣೆಗೂ ಬೆರೆಸಿ ಇಡಿ ಎಂದು ಹೇಳಿ ದೆಹಲಿಗೆ ಹೋದರು.

ನಂಬರು ಸಾಸಿವೆಯಷ್ಟು ಸಣ್ಣದು. ಒಂಬೈನೂರು ಮರಿ. ಪಿಳ್ಳಪ್ಪ ಕನ್ನಡಕ ಒರೆಸಿಕೊಂಡು ಎರಡು ದಿನ ನೋಡಿದ. ಮೂರನೆಯ ದಿನ, “ಯಾವನ್ ಓದ್ತಾನಮ್ಮಣ್ಣಿ ಇದ್ನ? ಕರೀವು ನಿನ್ ಕಡೀಕೆ, ಕಂದುವು ನನ್ ಕಡೀಕೆ. ಕಣ್ಣಿಗೇ ಗೊತ್ತಾಯ್ತದೆ, ಒಂದೂ ತಪ್ಪಾಕಿಲ್ಲ,” ಎಂದ.

ನಮ್ಮದು ರೇಷ್ಮೆ ಗೂಡಿನ ಊರು. ಬಿಳಿ ಗೂಡು ಒಂದು ರಾಶಿ, ಹಳದಿ ಗೂಡು ಇನ್ನೊಂದು ರಾಶಿ. ಬಣ್ಣ ನೋಡಿ ವಿಂಗಡಿಸುವುದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಸಂಜೆಯೊಳಗೆ ಒಂಬೈನೂರು ಮರಿಗಳನ್ನು ಬೇರೆ ಮಾಡಿದೆವು. ಒಂದೂ ತಪ್ಪಲಿಲ್ಲ. ಕಪ್ಪು ಮೊಮ್ಮಕ್ಕಳು ನನ್ನ ಬೊಗಸೆಯಲ್ಲಿ ಬೆಳೆದವು. ಕಂದು ಮೊಮ್ಮಕ್ಕಳು ಬಾಲ ಹಿಡಿಯುವ ಪಿಳ್ಳಪ್ಪನ ಎರಡು ಬೆರಳಿನಲ್ಲಿ ಬೆಳೆದವು. ಯಾವ ಮರಿ ಯಾವ ಕೋಣೆ ಎಂದು ಬರೆಯಲು ಹಾಳೆಯಲ್ಲಿ ಖಾನೆ ಇರಲಿಲ್ಲ.

ಜೀನು ಸಿಕ್ಕಿತು. ನಾಲ್ಕನೆಯ ಕ್ರೋಮೋಸೋಮಿನಲ್ಲಿ, ತುಪ್ಪಳದ ಬಣ್ಣ ತೀರ್ಮಾನಿಸುವ ಜೀನಿನ ಪಕ್ಕದಲ್ಲೇ. “ಪಕ್ಕದ ಮನೆ,” ಎಂದು ಮೇಡಂ ನಗುತ್ತ ಗೋಡೆಯ ಮೇಲಿನ ಚಿತ್ರದಲ್ಲಿ ತೋರಿಸಿದರು. ಅದೇ ಜೀನು ಮನುಷ್ಯರಲ್ಲೂ ಇತ್ತು, ಅದರಲ್ಲೂ ಎರಡು ಬಗೆ ಇತ್ತು. ಬೇರೆ ದೇಶದವರು ಇದೇ ಪರೀಕ್ಷೆ ಮಾಡಿದಾಗ ಇಷ್ಟು ಸ್ಪಷ್ಟವಾಗಿ ಬರಲಿಲ್ಲವಂತೆ. “ಅವರ ಕೈ ಪಳಗಿಲ್ಲ,” ಎಂದರು ಮೇಡಂ, ನಮ್ಮಿಬ್ಬರಿಗೂ ಸಿಹಿ ಹಂಚುತ್ತ.

ಎರಡು ವರ್ಷದಲ್ಲಿ ತಾಳಿಕೆ ಮಂಡಳಿ ಬಂತು. ಮೊದಲು ವಿಮಾನ ನಡೆಸುವವರಿಗೆ, ಆಮೇಲೆ ಬಸ್ಸು ನಡೆಸುವವರಿಗೆ, ಆಮೇಲೆ ಜೀವ ಕಾಯುವ ಎಲ್ಲ ಕೆಲಸಕ್ಕೂ. ಕೆನ್ನೆಯ ಒಳಗೆ ಹತ್ತಿ ಸವರಿ ತೆಗೆದುಕೊಳ್ಳುತ್ತಾರೆ, ಹತ್ತು ದಿನಕ್ಕೆ ಚೀಟಿ ಬರುತ್ತದೆ. ತಾಳುವವರಿಗೆ ಹಸಿರು ಅಂಚಿನ ಚೀಟಿ, ಬೇಗ ಬಿಡುವವರಿಗೆ ಕಂದು ಅಂಚಿನದು. ನನ್ನ ಬಾಯಿಂದ ಬಂದ ಮಾತು ಬಸ್ ನಿಲ್ದಾಣದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು. ಬೀದಿಯ ಮಕ್ಕಳು ಓಟದಲ್ಲಿ ಸೋತವನನ್ನು “ಹೋಗೋ ಕಂದು” ಎಂದು ಹಂಗಿಸತೊಡಗಿದರು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವಾಗ ಚೀಟಿಯ ಬಣ್ಣ ಕೇಳತೊಡಗಿದರು. ಕಂದು ಎಂದರೆ ನಮ್ಮಲ್ಲಿ ಬಣ್ಣವೂ ಹೌದು, ಬಾಡುವುದೂ ಹೌದು. ಅಂಚಿಗೆ ಬಣ್ಣ ಆರಿಸಿದವರಿಗೆ ಅದು ಹೊಳೆದಿತ್ತೋ ಇಲ್ಲವೋ.

ಪ್ರಮೀಳೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಪಾಸಾದವಳು. ಫೇಲಾದ ಪ್ರತಿ ಸಲವೂ ಅಂಕಪಟ್ಟಿಯನ್ನು ಕನ್ನಡಿಗೆ ಸಿಕ್ಕಿಸಿ, ತಲೆ ಬಾಚುವಾಗ ಅದನ್ನು ಬೈಯುತ್ತಿದ್ದಳು. ನರ್ಸಿಂಗ್ ಸೇರಿ ಕೊನೆಯ ವರ್ಷಕ್ಕೆ ಬಂದಿದ್ದಳು. ತೀವ್ರ ನಿಗಾ ವಾರ್ಡಿನಲ್ಲಿ ತರಬೇತಿ. ಮನೆಗೆ ಬಂದರೆ ಬಾಯಿ ನಿಲ್ಲುತ್ತಿರಲಿಲ್ಲ. ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ನಮ್ಮ ಮನೆ ನಡೆಯುತ್ತಿದ್ದುದೇ ಹಾಗೆ.

ಆ ಏಪ್ರಿಲಿನಲ್ಲಿ ಒಂದು ಸಂಜೆ ಅವಳು ಚಪ್ಪಲಿ ಬಿಡದೆ ಒಳಗೆ ಬಂದು ನಿಂತಳು.

“ಅಕ್ಕಾ, ನಿನ್ ಇಲಿಗಳು ನನ್ನ ಫೇಲ್ ಮಾಡ್ಬಿಟ್ವು.”

ಕೈಯಲ್ಲಿ ಚೀಟಿ ಇತ್ತು. ಅಂಚು ದೂರದಿಂದಲೇ ಕಂಡಿತು.

“ಗಣಿತದಂಗೆ ಇನ್ನೊಂದ್ಸಲ ಬರಿಯಾಣ ಅಂದ್ರೆ ಇದಕ್ಕೆ ಸಪ್ಲಿಮೆಂಟ್ರಿ ಇಲ್ವಂತೆ,” ಎಂದು ನಗಲು ನೋಡಿದಳು. ವಾರ್ಡಿನಿಂದ ತೆಗೆದು ಬಟ್ಟೆ ಮಡಿಸುವ ಕಡೆ ಹಾಕಿದ್ದರು. ಮೂರು ತಿಂಗಳೊಳಗೆ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಅವಳಿಗೆ ಕೊಟ್ಟ ದಿನ ಜುಲೈ ಇಪ್ಪತ್ತೆರಡು, ಮಧ್ಯಾಹ್ನ ಎರಡು ಗಂಟೆ. ಅಲ್ಲಿಯೂ ಆಗದಿದ್ದರೆ ತರಬೇತಿ ರದ್ದು.

“ನಾಲ್ಕ್ ಸಲ ಗಣಿತ ಕಟ್ಟಿದೋಳು ನೀನು. ಅದ್ನೇ ಹೇಳು ಅಲ್ಲಿ,” ಎಂದೆ.

“ಹೇಳ್ತೀನಿ. ಯಾಕೆ ಹೇಳಲ್ಲ? ಬಾಯಿ ಐತಲ್ಲ ನಂಗೆ, ನಿನ್ನಂಗಾ?”

ಮೊದಲ ವಾರ ಹಾಗೆಯೇ ಇದ್ದಳು. ಆಮೇಲೆ ತನ್ನನ್ನು ತಾನೇ ನೋಡಿಕೊಳ್ಳತೊಡಗಿದಳು. ಒಂದು ದಿನ ಅರ್ಧ ಸೊಪ್ಪು ಬಿಡಿಸಿ ಎದ್ದು ಹೋದಳು. ಬಾಗಿಲಲ್ಲಿ ನಿಂತು ಹಿಂತಿರುಗಿ ಆ ಸೊಪ್ಪನ್ನೇ ದಿಟ್ಟಿಸಿದಳು. “ಅಕ್ಕಾ, ಮೊದ್ಲಿಂದ ನಾನು ಇಂಗೇನಾ? ಅರ್ಧಕ್ಕೇ ಬಿಡೋಳಾ?”

“ಎಲ್ಲಾರೂ ಬಿಡ್ತಾರೆ ಸೊಪ್ಪ.”

“ಈಜು ಕಲಿಯಕ್ಕೆ ಹೋಗಿ ಬಿಟ್ನಲ್ಲ. ಹೊಲಿಗೆ ಕ್ಲಾಸ್ ಬಿಟ್ನಲ್ಲ. ಗಣಿತ ಮೂರ್ ಸಲ ಹೋಗಿದ್ದೂ ಅದಕ್ಕೇ ಇರ್ಬೋದು.”

“ನಾಲ್ಕ್ನೇ ಸಲ ಪಾಸಾದ್ಯಲ್ಲೇ.”

“ಅವತ್ತು ಪೇಪರ್ ಸುಲಭ ಇತ್ತು.”

ಕನ್ನಡಿಯ ಅಂಚಿನಲ್ಲಿ ಈಗ ಆ ಚೀಟಿ ಇತ್ತು. ಅದನ್ನು ಅವಳು ಬೈಯುತ್ತಿರಲಿಲ್ಲ.

ಮೇ ತಿಂಗಳ ಮೊದಲಲ್ಲಿ ಪಿಳ್ಳಪ್ಪ ಪಂಜರದ ರ್ಯಾಕಿಗೆ ಕೈ ಸಿಕ್ಕಿಸಿಕೊಂಡು ಮಣಿಕಟ್ಟು ಉಳುಕಿಸಿಕೊಂಡ. ಎರಡು ವಾರ ಅವನ ಕೋಣೆಯೂ ನನ್ನ ಪಾಲಿಗೆ ಬಂತು. ಮೊದಲ ದಿನ ಪಂಜರದ ಮುಚ್ಚಳ ತೆಗೆದ ಕೂಡಲೇ ಕಂದು ಇಲಿಗಳು ಮೂಲೆಗೆ ಓಡಿ ಒಂದರ ಮೇಲೊಂದು ಬಿದ್ದವು. ನನ್ನ ಕೋಣೆಯ ಇಲಿಗಳು ಮುಚ್ಚಳ ತೆಗೆದರೆ ಕೈಯ ಕಡೆಗೆ ಬರುತ್ತಿದ್ದವು. ವಂಶದ ಗುಣ ಎಂದುಕೊಂಡೆ. ಬೊಗಸೆ ಚಾಚಿ ಕಾದೆ. ನಾಲ್ಕನೆಯ ದಿನ ಒಂದು ಬಂತು. ಹನ್ನೆರಡನೆಯ ದಿನ ಒಂದು ಕಂದು ಮರಿ ಬೊಗಸೆಯೊಳಗೆ ಕೂತು ಮುಖ ತೊಳೆದುಕೊಂಡು, ಸುರುಳಿ ಸುತ್ತಿಕೊಂಡು ನಿದ್ದೆ ಹೋಯಿತು.

ನಾನು ಅಲ್ಲಾಡದೆ ನಿಂತಿದ್ದೆ. ತಿನ್ನೋದು ಒಂದೇ, ನೀರು ಒಂದೇ, ಬೆಳಕು ಒಂದೇ. ಬೇರೆ ಇನ್ನೇನಿರೋಕೆ ಸಾಧ್ಯ ಎಂದು ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ನನ್ನ ಕೈಯೊಳಗೆ ಉಸಿರಾಡುತ್ತಿತ್ತು. ಒಂಬತ್ತು ವರ್ಷದ ಟಿಕ್ಕುಗಳು ನೆನಪಾದವು. ಕಂದು ಮೊಮ್ಮಕ್ಕಳನ್ನು ಪಿಳ್ಳಪ್ಪನ ಕಡೆಗೆ ಸಾಲಾಗಿ ಕಳಿಸಿದ ಆ ಸಂಜೆ ನೆನಪಾಯಿತು.

ಕೂಡಲೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಏಳನೇ ಕ್ಲಾಸಿನವಳ ಮಾತನ್ನು ಯಾರು ನಂಬುತ್ತಾರೆ ಎಂಬುದು ನನಗೆ ನಾನೇ ಹೇಳಿಕೊಂಡ ಕಾರಣ. ನಿಜವಾದ ಕಾರಣ, ತಪ್ಪು ನನ್ನದಾಗಿತ್ತು.

ಪಿಳ್ಳಪ್ಪ ಪಟ್ಟಿ ಕಟ್ಟಿಕೊಂಡು ವಾಪಸು ಬಂದ ದಿನ ಅವನಿಗೆ ಮಾತ್ರ ಹೇಳಿದೆ. ಅವನು ನಂಬಲಿಲ್ಲ. “ನನ್ ರೂಮಿನವು ಸೋಂಬೇರಿ ಜಾತಿ ಕಣಮ್ಮಣ್ಣಿ. ಇಷ್ಟ್ ವರ್ಷದಿಂದ ನೋಡ್ತಿವ್ನಿ.”

“ಒಂದ್ಸಲ ಅದ್ಲುಬದ್ಲು ಮಾಡಿ ನೋಡಾಣ ಅಣ್ಣ. ನಿನ್ನವು ಇಪ್ಪತ್ತು ನನಗ್ ಕೊಡು. ನನ್ನವು ಇಪ್ಪತ್ತು—”

“ನಿನ್ನವು ಇಪ್ಪತ್ತು ನಾನ್ ಎತ್ತಬೇಕಾ? ಈ ಕೈಲಿ ಆಗಾಕಿಲ್ಲ.”

“ನಾನೇ ಎತ್ತುತೀನಿ. ಬಾಲ ಹಿಡ್ದು.”

ಹದಿನೈದು ದಿನದ ಮರಿಗಳಿಂದ ಶುರು ಮಾಡಿದೆ. ಇಪ್ಪತ್ತು ಕಂದು ಮರಿಗಳಿಗೆ ಬೊಗಸೆ. ನನ್ನದೇ ಇಪ್ಪತ್ತು ಕಪ್ಪು ಮರಿಗಳಿಗೆ ಬಾಲ. ದಿನವೂ ಬೆಳಿಗ್ಗೆ ಕಂದುಗಳನ್ನು ಮುಗಿಸಿ, ಕೈಗವಸು ಬದಲಿಸಿ, ಕಪ್ಪು ಮರಿಗಳ ಮುಂದೆ ನಿಲ್ಲುತ್ತಿದ್ದೆ. ಮೊದಲ ವಾರ ಅವು ಮುಚ್ಚಳ ತೆಗೆದರೆ ಹತ್ತಿರ ಬರುತ್ತಿದ್ದವು. ಎತ್ತಿದಾಗ ಕೈಗವಸಿನ ಮೇಲೆ ಉಚ್ಚೆ ಹೊಯ್ಯುತ್ತಿದ್ದವು. ಮೂರನೆಯ ವಾರಕ್ಕೆ ಬರುವುದನ್ನು ನಿಲ್ಲಿಸಿದವು. ಐದನೆಯ ವಾರಕ್ಕೆ ನನ್ನ ಹೆಜ್ಜೆ ಸಪ್ಪಳಕ್ಕೇ ಮೂಲೆ ಸೇರುತ್ತಿದ್ದವು. ಖಾನೆಯಲ್ಲಿ ಟಿಕ್ ಹಾಕುತ್ತಿದ್ದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಟಿಕ್ ನಿಜವಾಗಿತ್ತು.

ಜೂನ್ ಕೊನೆಯಲ್ಲಿ ನೀರಿಗೆ ಬಿಟ್ಟೆವು. ನಾನು ನೋಡಿ ಹೇಳುವವಳು, ಪಿಳ್ಳಪ್ಪ ಎಡಗೈಯಲ್ಲಿ ಗಡಿಯಾರ ಒತ್ತುವವನು. ಮೊದಲ ಕಂದು ಇಲಿ ಮೂರು ನಿಮಿಷ ದಾಟಿದಾಗ ಅವನು ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ, ಕೆಟ್ಟಿದೆಯೇನೋ ಎಂದು. ಕಂದುಗಳೆಲ್ಲ ನಾಲ್ಕು ನಿಮಿಷದ ಆಸುಪಾಸು ಈಜಿದವು. ನನ್ನ ಕಪ್ಪು ಇಲಿಗಳು ಒಂದೂವರೆ ನಿಮಿಷಕ್ಕೆ, ಒಂದೂಮುಕ್ಕಾಲಿಗೆ, ಒಂದರ ಹಿಂದೊಂದು ನಿಂತವು. ಕೊನೆಯದನ್ನು ಒರೆಸಿ ದೀಪದ ಕೆಳಗಿಟ್ಟಾಗ ಪಿಳ್ಳಪ್ಪ ತನ್ನ ಬಲಗೈಯ ಎರಡು ಬೆರಳನ್ನು ನೋಡಿಕೊಳ್ಳುತ್ತಿದ್ದ.

“ಸೋಂಬೇರಿ ಜಾತಿ ಅಂದ್ಕೊಂಡಿದ್ನಲ್ಲೇ ತಾಯಿ. ಜಾತಿ ಅಲ್ಲ. ನನ್ ಕೈ.”

ಮೇಡಂ ಕೋಣೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಅವರೇ ತಲೆಯೆತ್ತಿ ನೋಡಿದರು.

“ಮೇಡಂ, ಒಂದ್ ತಪ್ಪಾಗದೆ.”

ಹೇಳಿದೆ. ಬೊಗಸೆ, ಟಿಕ್ಕು, ಬಣ್ಣ ನೋಡಿ ವಿಂಗಡಿಸಿದ್ದು, ನಲವತ್ತು ಇಲಿಗಳು. ಜೀವನದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

“ಒಂಬತ್ತು ವರ್ಷ ಟಿಕ್ ಹಾಕಿದ್ದೀಯ,” ಎಂದರು ಕೊನೆಗೆ.

“ಹೂಂ ಮೇಡಂ.”

“ಯಾಕೆ?”

“ಆ ಖಾನೇಲಿ ಬೇರೆ ಏನ್ ಬರ್ಯಕ್ಕೂ ಜಾಗ ಇರ್ಲಿಲ್ಲ.”

ಅವರು ಎದ್ದು ಗೋಡೆಯ ಮೇಲಿನ ಚಿತ್ರದ ಮುಂದೆ ನಿಂತರು. ಬಣ್ಣದ ಜೀನಿನ ಗುರುತು, ಅದಕ್ಕೆ ಅಂಟಿಕೊಂಡ ಹಾಗೆ ತಾಳಿಕೆಯ ಜೀನಿನ ಗುರುತು. ಕಂದು ಇಲಿಗಳೆಲ್ಲ ಪಿಳ್ಳಪ್ಪನ ಕೋಣೆಯಲ್ಲಿದ್ದವು. ಹಾಗಾಗಿ ಬೇಗ ಬಿಟ್ಟ ಇಲಿಗಳಿಗೆಲ್ಲ ಸಾಮಾನ್ಯವಾಗಿದ್ದ ಇಸ್ಪೀಟಿನ ಎಲೆ ಅವುಗಳ ಬಣ್ಣದ್ದೇ. “ಪಕ್ಕದ ಮನೆ ಅಂದ್ಕೊಂಡಿದ್ದೆ,” ಎಂದರು ಮೇಡಂ. “ಪಕ್ಕದ ಮನೇಲಿ ಯಾರೂ ಇರಲೇ ಇಲ್ಲ. ನಾವು ಕಂಡುಹಿಡಿದದ್ದು ತುಪ್ಪಳದ ಬಣ್ಣ.”

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದೇ ದಿನ ಮಂಡಳಿಗೆ ಪತ್ರ ಬರೆದರು. ತಮ್ಮ ಹೆಸರನ್ನು ತಾವೇ ಅಳಿಸಿಕೊಳ್ಳುವ ಹಾಗಿತ್ತು ಆ ಪತ್ರ. ಭೇಟಿಗೆ ಸಿಕ್ಕ ದಿನ ಜುಲೈ ಇಪ್ಪತ್ತೆರಡು, ಬೆಳಿಗ್ಗೆ ಹನ್ನೊಂದು. ಪ್ರಮೀಳೆಯ ದಿನವೇ.

“ಬೆಳಿಗ್ಗೆ ನಾವು ಹೋಗಿ ಎಲ್ಲಾ ಹೇಳಿರ್ತೀವಿ,” ಎಂದೆ ಅವಳಿಗೆ. “ಎರಡು ಗಂಟೆಗೆ ನೀನ್ ಬಂದಾಗ ಅವರೇ ಚೀಟಿ ವಾಪಸ್ ತಗೊಂತಾರೆ. ನೀನ್ ಬಾ ಸಾಕು.”

ಅವಳು ಕೂತ ಕಡೆಯಿಂದ ನನ್ನ ಕೈಗಳನ್ನು ನೋಡುತ್ತಿದ್ದಳು. “ಹಂಗಾದ್ರೆ ಇದೆಲ್ಲಾ ನಿನ್ ಕೈ ಮಾಡಿದ್ದಾ ಅಕ್ಕಾ?”

“ಹೂಂ.”

“ಚಿಕ್ಕೋಳಿದ್ದಾಗ ನನ್ನೂ ಹಂಗೇ ಎತ್ಕೊಂತಿದ್ದೆ. ಎರಡೂ ಕೈಲಿ.” ಕನ್ನಡಿಯ ಕಡೆ ತಿರುಗಿದಳು. “ಹಂಗ್ ಎತ್ಕೊಂಡ್ರೂ ನಾನು ಕಂದೇ ಆದೆ ನೋಡು.”

“ಅದು ಸುಳ್ಳು ಅಂತಾನೇ ಅಲ್ವೇನೇ ನಾನ್ ಹೇಳ್ತಿರೋದು!”

“ಆಯ್ತು ಬಿಡು. ಬರ್ತೀನಿ.”

ಮಂಡಳಿಯ ಕಚೇರಿ ಬೆಂಗಳೂರಿನಲ್ಲಿ, ಏಳನೆಯ ಮಹಡಿಯಲ್ಲಿ. ಅಧಿಕಾರಿ ನನ್ನ ವಯಸ್ಸಿನವನು, ಬಹಳ ಮರ್ಯಾದೆಯವನು. ನನಗೂ ಚಹಾ ತರಿಸಿದ. ಮೇಡಂ ನಲವತ್ತು ಇಲಿಗಳ ವಿಡಿಯೋ ತೋರಿಸಿದರು. ಅವನು ಕೊನೆಯವರೆಗೂ ನೋಡಿದ. ನನ್ನ ಎದೆ ಹಗುರಾಗುತ್ತ ಬಂತು.

“ನೀವು ಹೇಳೋದು ಸರಿ ಇರಬಹುದು ಮೇಡಂ,” ಎಂದ. “ಇಲಿಗಳ ವಿಷಯದಲ್ಲಿ. ಆದರೆ ಪರೀಕ್ಷೆ ಈಗ ಇಲಿಗಳ ಮೇಲೆ ನಿಂತಿಲ್ಲ. ನಾಲ್ಕು ವರ್ಷದಿಂದ ನಲವತ್ತೊಂದು ಲಕ್ಷ ಜನರನ್ನ ಗಮನಿಸಿದ್ದೀವಿ.” ಪರದೆ ತಿರುಗಿಸಿ ತೋರಿಸಿದ. “ಕಂದು ಚೀಟಿಯವರು ಕೆಲಸ ಅರ್ಧಕ್ಕೆ ಬಿಡೋದು ಹಸಿರಿನವರ ಎರಡೂವರೆ ಪಟ್ಟು. ಓದು ಬಿಡೋದು ಮೂರು ಪಟ್ಟು. ವರ್ಷದಿಂದ ವರ್ಷಕ್ಕೆ ಇನ್ನೂ ಸ್ಪಷ್ಟ ಆಗ್ತಿದೆ. ನಿಮ್ಮ ಇಲಿಗಳು ತಪ್ಪಾದ್ರೂ ನಿಮ್ಮ ಪರೀಕ್ಷೆ ಸರಿಯಾಯ್ತು. ಅದೃಷ್ಟ ನೋಡಿ.”

“ಚೀಟಿ ಕೊಟ್ಟ ಮೇಲಿನ ಲೆಕ್ಕ ಇದು,” ಎಂದರು ಮೇಡಂ. “ಕೊಡೋದಕ್ಕೆ ಮುಂಚೆ ಅದೇ ಜನ ಹೇಗಿದ್ರು? ಅದನ್ನ ತೋರಿಸಿ.”

“ಮುಂಚೆ ಯಾರು ಕಂದು ಅಂತ ನಮಗೆ ಗೊತ್ತಿರಲಿಲ್ಲವಲ್ಲ ಮೇಡಂ,” ಎಂದ ಅವನು, ನಿಜವಾಗಿಯೂ ಅರ್ಥವಾಗದೆ.

ಆಗ ನಾನು ಮಾತಾಡಿದೆ. “ಸಾರ್, ನೀವು ಅವರ್ನ ಬಾಲ ಹಿಡ್ದು ಎತ್ತಿದ್ದೀರಿ.”

“ಏನಂದ್ರಿ?”

ಅವನು ಕೇಳಿದ್ದು ಒರಟಾಗಿ ಅಲ್ಲ. ಇನ್ನೊಂದು ಸಲ ಹೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದನೇನೋ. “ಏನಿಲ್ಲ ಸಾರ್,” ಎಂದೆ.

ಕೆಳಗೆ ಬಂದು ಮೇಡಂ ಕಾರಿನಲ್ಲಿ ಕೂತರು. ನಾನು ಮೆಟ್ಟಿಲ ಮೇಲೆ ಪ್ರಮೀಳೆಗಾಗಿ ಕಾದೆ. ಮಂಡಳಿ ಏನೇ ಹೇಳಲಿ, ಅವಳು ಬಂದು ನಿಂತು ಬಾಯಿ ಬಿಟ್ಟರೆ ಅವರಿಗೆ ಗೊತ್ತಾಗುತ್ತದೆ ಎಂದು ಇನ್ನೂ ಅನಿಸುತ್ತಿತ್ತು. ಎರಡು ಗಂಟೆಯಾಯಿತು. ಎರಡೂವರೆಯಾಯಿತು. ಕಾವಲುಗಾರ ಒಂದು ಪಟ್ಟಿ ತಂದು ಗಾಜಿಗೆ ಅಂಟಿಸಿದ. ಅವಳ ಹೆಸರಿನ ಮುಂದೆ ಅಚ್ಚಾಗಿತ್ತು: ಮೇಲ್ಮನವಿ ಕೈಬಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ಅಂದು ಹದಿನೇಳು ಹೆಸರುಗಳಿದ್ದವು. ಹದಿಮೂರರ ಮುಂದೆ ಅದೇ ಸಾಲು.

ಮನೆಗೆ ಬಂದಾಗ ಅವಳು ಹೊರಡಲು ಉಟ್ಟ ಸೀರೆಯಲ್ಲೇ ಕೂತಿದ್ದಳು. ಪಿನ್ನು ಕೂಡ ತೆಗೆದಿರಲಿಲ್ಲ.

“ಬಸ್ ಸ್ಟಾಂಡ್ ತಂಕ ಹೋದೆ ಅಕ್ಕಾ. ಬಸ್ಸೂ ಬಂತು. ಹತ್ತಕ್ಕಾಗ್ಲಿಲ್ಲ. ನಾನ್ ಹತ್ತಾಕಿಲ್ಲ ಅಂತ ಬೆಳಿಗ್ಗೆನೇ ನಂಗೆ ಗೊತ್ತಿತ್ತು ಅನ್ಸುತ್ತೆ.” ನನ್ನ ಮುಖ ನೋಡಿ, “ಬಿಡು,” ಎಂದಳು. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ.

ಇನ್ನೊಂದು ಅರ್ಜಿ ಹಾಕಲು ಅವಕಾಶವಿರಲಿಲ್ಲ. ಇದ್ದಿದ್ದರೂ ಅವಳು ಹಾಕುತ್ತಿರಲಿಲ್ಲ. ಅವಳ ಹೆಸರು ಆ ಪರದೆಯ ಮೇಲಿನ ಮೂರು ಪಟ್ಟಿನೊಳಗೆ ಹೋಗಿ ಸೇರಿತು.

ಮೇಡಂ ಬರೆದ ಪತ್ರದಿಂದ ಏನೂ ಆಗಲಿಲ್ಲ ಎನ್ನಲಾರೆ. ಒಂದು ಆಯಿತು. ಕಂದು ಚೀಟಿಯವರಿಗೆ ತಾಳಿಕೆ ಹೆಚ್ಚಿಸುವ ಮಾತ್ರೆಯ ಪರೀಕ್ಷೆ ಇಲಿಮನೆಗೆ ಬಂತು. ಆ ಪರೀಕ್ಷೆಗೆ ಬೇಗ ಬಿಡುವ ಇಲಿಗಳು ಬೇಕು. ಬೊಗಸೆಯಲ್ಲಿ ಎತ್ತಿದರೆ ಕಂದು ಇಲಿಯೂ ಬಿಡುವುದಿಲ್ಲ ಎಂದು ನಾನೇ ತೋರಿಸಿಕೊಟ್ಟಿದ್ದೆನಲ್ಲ. ಹಾಗಾಗಿ ಪ್ರತಿ ರ್ಯಾಕಿನ ಮೇಲೂ ಒಂದೊಂದು ಕ್ಯಾಮೆರಾ ಕೂರಿಸಿದರು, ಬಾಲದ ನಿಯಮ ತಪ್ಪದಂತೆ. ಮೇಡಂ ಆ ವರ್ಷವೇ ಕೆಲಸ ಬಿಟ್ಟು ಹೋದರು. ಹೋಗುವ ಮುಂಚೆ ಗೋಡೆಯ ಚಿತ್ರವನ್ನು ತೆಗೆಯಲು ನೋಡಿದರು. ಅದು ಗೋಡೆಗೇ ಅಂಟಿಸಿದ್ದು, ಬರಲಿಲ್ಲ.

ಪಿಳ್ಳಪ್ಪ ನಿವೃತ್ತನಾದ. ಕೊನೆಯ ದಿನ ತನ್ನ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗದೆ, “ಬತ್ತೀನಿ ಕಣ್ರಪ್ಪಾ,” ಎಂದು ಇಲಿಗಳಿಗೆ ಹೇಳಿ ಹೋದ. ಅವನ ಜಾಗಕ್ಕೆ ಕಂದು ಚೀಟಿಯವರನ್ನು ತೆಗೆದುಕೊಳ್ಳಬಹುದಿತ್ತು. ಜೀವ ಕಾಯುವ ಕೆಲಸಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಪ್ರಮೀಳೆ ಸೇರಿದಳು.

ಅವಳ ಕೈ ನರ್ಸಿನ ಕೈ, ಚುರುಕು, ನಡುಕವಿಲ್ಲದ್ದು. ಎರಡು ದಿನದಲ್ಲಿ ಬಾಲ ಹಿಡಿಯುವುದನ್ನು ಕಲಿತಳು. ಮೊದಲ ವಾರ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತು, “ಬೊಗಸೇಲಿ ಎತ್ತೇ ಒಂದ್ಸಲ, ಕಾಣಾಕಿಲ್ಲ,” ಎಂದೆ.

“ರೂಲ್ಸ್ ಹಂಗೈತಲ್ಲಕ್ಕಾ,” ಎಂದಳು. ಬೇಸರವಿಲ್ಲದೆ, ಸಿಟ್ಟಿಲ್ಲದೆ. ಟಿಕ್ ಹಾಕಿದಳು.

ನಾನೂ ಈಗ ಬಾಲ ಹಿಡಿದೇ ಎತ್ತುತ್ತೇನೆ.

ಮೊನ್ನೆ ಮಾತ್ರೆ ಕೊಡದ ಕಂದು ಇಲಿಗಳ ಸರದಿ. ಗಾಜಿನ ಪಾತ್ರೆಯ ಈ ಕಡೆ ನಾನು ಗಡಿಯಾರ ಹಿಡಿದು ಕೂತಿದ್ದೆ. ಆ ಕಡೆ ಪ್ರಮೀಳೆ, ನೋಡಿ ಹೇಳುವವಳು. ಕಿಟಕಿಯಿಂದ ಬಿಸಿಲು ನೀರಿನೊಳಗೆ ಬಿದ್ದಿತ್ತು. ಇಲಿ ಸುತ್ತು ಹಾಕಿತು, ಗಾಜನ್ನು ಕೆರೆಯಿತು, ಮತ್ತೆ ಸುತ್ತು ಹಾಕಿತು. ಒಂದು ನಿಮಿಷ ಇಪ್ಪತ್ತು ಸೆಕೆಂಡು.

“ಬಿಡ್ತು,” ಎಂದಳು ಪ್ರಮೀಳೆ.

ನಾನು ನೀರನ್ನು ನೋಡಿದೆ. ಇಲಿಯ ಹಿಂಗಾಲುಗಳು ಆಡುತ್ತಿದ್ದವು. ನಿಧಾನವಾಗಿ, ಆದರೆ ಆಡುತ್ತಿದ್ದವು. ಮೂಗು ಗಾಜಿನ ಅಂಚಿನ ಕಡೆಗೇ ಇತ್ತು. ಪ್ರಮೀಳೆಯ ಕಣ್ಣು ಪಾತ್ರೆಯ ಮೇಲೆ ಇರಲಿಲ್ಲ. ಹಾಳೆಯ ಮೇಲೆ, ಮುಂದಿನ ಇಲಿಯ ನಂಬರಿನ ಮೇಲೆ ಇತ್ತು.

“ಪ್ರಮೀ, ನೋಡೇ. ಇನ್ನೂ—”

“ಕಂದು ಕಣಕ್ಕಾ ಅದು. ಬಿಡ್ತು ಅಂದ್ನಲ್ಲ. ಒತ್ತು.”

ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. ನಾನು ಅವಳ ಮುಖ ನೋಡಿದೆ.

ಒತ್ತಿದೆ. ಗಡಿಯಾರ ನಿಂತಿತು. ಇಲಿ ಇನ್ನೂ ಈಜುತ್ತಿತ್ತು.